ಗೆರೆಯ ಬಳಿ ನಿಂತಿದ್ದ ಬೂಟುಗಳು

ಸೋಮವಾರ ಬೆಳಿಗ್ಗೆ ಶಾಲೆಯ ಬೀಗ ತೆಗೆದವಳು ನಾನೇ. ಉಗ್ರಾಣದ ಬೀರು ಬಾಯಿ ತೆರೆದುಕೊಂಡಿತ್ತು. ಒಳಗಿದ್ದ ಮಾಸ್ಕ್ ಅಳೆಯುವ ಯಂತ್ರ ಇರಲಿಲ್ಲ.

ಹಿಂಬಾಗಿಲ ಗಾಜು ಒಡೆದಿತ್ತು. ಚೂರುಗಳೆಲ್ಲ ಒಳಗೆ ಬಿದ್ದಿದ್ದವು. ಭಾನುವಾರ ಇಡೀ ದಿನ ಮಳೆ ಸುರಿದು ಹಿತ್ತಲಿನ ಕೆಂಪು ಜೇಡಿ ಅಂಬಲಿಯಂತಾಗಿತ್ತು. ಆ ಕೆಸರು ಮೆತ್ತಿದ ಬೂಟಿನ ಗುರುತುಗಳು ಸಿಮೆಂಟು ನೆಲದ ಮೇಲೆ ಒಣಗಿ ಕೂತಿದ್ದವು.

ನಾನು ಏನನ್ನೂ ಮುಟ್ಟಲಿಲ್ಲ. ನಮ್ಮ ಶಾಲೆಯ ಮೊದಲ ಪಾಠವೇ ಅದು. ಏನೆಂದು ಗೊತ್ತಾಗುವವರೆಗೆ ಮುಟ್ಟಬಾರದು.

ನಮ್ಮದು ಕಾರ್ಮಿಕ ಸಂಘದ ಶಾಲೆ. ಕ್ಯಾರೊಲಿನಾದ ಪೈನ್ ಕಾಡಿನ ನಡುವೆ ಒಂದು ದೊಡ್ಡ ಬೇಲಿ ಇದೆ. ಅದರೊಳಗೆ ಹಿಂದೆ ಅಣುಬಾಂಬಿಗೆ ಬೇಕಾದ ಸರಕು ತಯಾರಾಗುತ್ತಿತ್ತು. ಊರಿನವರು ಈಗಲೂ ಅದನ್ನು ಬಾಂಬ್ ಕಾರ್ಖಾನೆ ಎಂದೇ ಕರೆಯುತ್ತಾರೆ. ಬಾಂಬಿನ ಕೆಲಸ ನಿಂತಿತು, ಅದರ ಕಸ ಉಳಿಯಿತು. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಕಸ. ಅದನ್ನು ತೆಗೆಯಲು ಹೋಗುವವರು ಜೀವ ಉಳಿಸಿಕೊಂಡು ಮನೆಗೆ ಮರಳುವುದು ಹೇಗೆಂದು ನಾವು ಕಲಿಸುತ್ತೇವೆ.

ಮೇಲ್ವಿಚಾರಕ ಡ್ವೈಟ್ ಹಟ್ಟೋ ಬಂದರು. ಕೆಟ್ಟ ಮನುಷ್ಯರಲ್ಲ, ಅವಸರದ ಮನುಷ್ಯರು. ಗಾಜು ನೋಡಿದರು, ಬೀರು ನೋಡಿದರು, ಮೂಲೆಯಲ್ಲಿದ್ದ ನೆಲ ಒರೆಸುವ ಕೋಲು ನೋಡಿದರು. ಅವರ ಮನಸ್ಸಿಗೆ ಯಾವ ಹೆಸರು ಬಂತೆಂದು ಹೇಳದೆಯೇ ತಿಳಿಯಿತು.

ಲೆವಾನ್ ಪ್ರೇಲೋ. ನಮ್ಮಲ್ಲಿ ನೆಲ ಒರೆಸುವವನು. ಇಬ್ಬರು ಹೆಣ್ಣುಮಕ್ಕಳ ತಂದೆ. ಮೀಸೆ ಮೂಡುವ ವಯಸ್ಸಿನಲ್ಲಿ ಯಾವುದೋ ಅಂಗಡಿಯ ಬೀಗ ಒಡೆದು ಜೈಲು ಕಂಡಿದ್ದ. ಈಗ ನಮ್ಮ ಮುಂದಿನ ತರಗತಿಯಲ್ಲಿ ಅವನಿಗೆ ಜಾಗ ಸಿಕ್ಕಿತ್ತು. ಅದು ಮುಗಿದರೆ ಬೇಲಿಯೊಳಗೆ ಕೆಲಸ, ಮನೆಮಂದಿಗೆಲ್ಲ ಆಸ್ಪತ್ರೆಯ ಖರ್ಚಿಗೆ ವಿಮೆ. ಪೊಲೀಸರ ಬಾಯಲ್ಲಿ ಇನ್ನೊಮ್ಮೆ ಅವನ ಹೆಸರು ಬಂದರೆ ಗೇಟಿನ ಪಾಸು ಸಿಗುವುದಿಲ್ಲ. ಈ ಜನ್ಮದಲ್ಲಿ ಸಿಗುವುದಿಲ್ಲ.

ನಮಗೆ ಗೊತ್ತಿದ್ದ ಮಟ್ಟಿಗೆ ಭಾನುವಾರ ಶಾಲೆಗೆ ಬಂದು ಹೋಗಿದ್ದವನು ಅವನೊಬ್ಬನೇ.

*

ಕಳವಿನ ತನಿಖೆಗೆ ಶೆರಿಫ್ ಪೊಲೀಸ್ ಕಚೇರಿಯಿಂದ ಆರ್ಡೆಲ್ ಬೋನೈಟ್ ಬಂದಳು. ನಲವತ್ತು ದಾಟಿದ ಹೆಂಗಸು, ನಿಧಾನದ ನಡಿಗೆ. ಕೈಯಲ್ಲಿ ಬೇಯಿಸಿದ ಕಡಲೆಕಾಯಿಯ ಪೊಟ್ಟಣ. ಬಿಡಿಸಿ ತಿನ್ನುವುದು, ಸಿಪ್ಪೆಯನ್ನು ಕೋಟಿನ ಜೇಬಿಗೆ ಹಾಕಿಕೊಳ್ಳುವುದು. ಮಾತು ಕಡಿಮೆ.

ಆ ಯಂತ್ರದಿಂದ ಏನು ಉಪಯೋಗ ಎಂದು ಕೇಳಿದಳು. ಹೇಳಿದೆ. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿದೆಯೇ ಎಂದು ಅದು ಅಳೆಯುತ್ತದೆ. ಕೂದಲೆಳೆಯಷ್ಟು ಸಂದಿಯಿದ್ದರೂ ಹೇಳಿಬಿಡುತ್ತದೆ. ವರ್ಷಕ್ಕೊಮ್ಮೆ ಎಲ್ಲರೂ ಅದರ ಮುಂದೆ ಕೂರಬೇಕು. ಸೋತವರಿಗೆ ಬೇಲಿಯೊಳಗೆ ಪ್ರವೇಶವಿಲ್ಲ. ಈ ವರ್ಷದ ಸರದಿ ಈ ವಾರವೇ ಇತ್ತು.

ಬೂಟುಗಳ ಬಗ್ಗೆ ಕೇಳಿದಳು. ಹಿಂಬಾಗಿಲ ಹೊರಗೆ ಸೂರಿನಡಿ ರಬ್ಬರ್ ಬೂಟುಗಳ ಸಾಲಿದೆ. ಹಿತ್ತಲಿಗೆ ಹೋಗುವವರು ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ. ಒಂದು ಜೊತೆಯ ಮೇಲೆ ಹೊಸ ಕೆಸರಿತ್ತು. ಲೆವಾನ್ ದಿನವೂ ಹಾಕಿಕೊಳ್ಳುವ ಜೊತೆ ಅದು. ಬೇರೆಯವರೂ ಹಾಕಿಕೊಳ್ಳುತ್ತಿದ್ದರು, ಆದರೆ ಆ ದಿನ ಅದನ್ನು ಯಾರೂ ನೆನಪಿಸಿಕೊಳ್ಳಲಿಲ್ಲ.

ಆಗ ರೂಫಸ್ ಮ್ಯಾನಿಗೋ ಒಳಗೆ ಬಂದರು. ಅವರು ನಮ್ಮ ಹಿರಿಯ ಮೇಷ್ಟ್ರು. ಮೊದಲು ಬೇಲಿಯೊಳಗೆ ಕೊಳವೆ ಕೆಲಸದವರು, ಚರ್ಚಿನಲ್ಲಿ ಹಿರಿಯರು. ನಾನು ಬೇಲಿಯೊಳಗೆ ಕೆಲಸಗಾರರ ಬಟ್ಟೆ ಒಗೆಯುತ್ತಿದ್ದ ಕಾಲದಲ್ಲಿ, ಅಂಗಿಯನ್ನು ಒಗೆಯುವ ಮೊದಲು ಕೊಡವಬೇಡ, ಧೂಳು ಎದೆಗೆ ಹೋಗುತ್ತದೆ ಎಂದು ಹೇಳಿಕೊಟ್ಟವರು ಅವರೇ. ಇಂದು ನಾನು ಉಸಿರಾಡುತ್ತಿರುವುದು ಆ ಒಂದು ಮಾತಿನಿಂದ. ಲೆವಾನನಿಗೆ ತರಗತಿಯಲ್ಲಿ ಜಾಗ ಕೊಡಿಸಿದವರೂ ಅವರೇ.

ಹಟ್ಟೋ ಲೆವಾನನ ಹೆಸರು ಎತ್ತಿದ್ದೇ ತಡ, ರೂಫಸ್ ತಡೆದರು.

"ಲೆವಾನ್ ಅಲ್ಲ. ಅವನ ತಂಟೆಗೆ ಹೋಗ್ಬೇಡಿ."

"ಅದು ಹೇಗೆ ಹೇಳ್ತೀರಿ, ಮಿಸ್ಟರ್ ಮ್ಯಾನಿಗೋ?" ಆರ್ಡೆಲ್ ಕಡಲೆಕಾಯಿ ಬಿಡಿಸುತ್ತಲೇ ಕೇಳಿದಳು.

"ನಂಗೊತ್ತು. ಅಷ್ಟೆ."

ಅವಳು ತಲೆಯಾಡಿಸಿದಳು. ಇನ್ನೊಂದು ಸಿಪ್ಪೆ ಜೇಬಿಗೆ ಹೋಯಿತು.

*

ಲೆವಾನನನ್ನು ಅಡುಗೆಕೋಣೆಯಲ್ಲಿ ಕೂರಿಸಿ ವಿಚಾರಿಸಿದಳು. ನಾನೂ ಪಕ್ಕದಲ್ಲಿದ್ದೆ. ಭಾನುವಾರ ಮಳೆಯ ಮಧ್ಯೆ ಬಂದು ಕಸದ ಡಬ್ಬಿ ಬರಿದು ಮಾಡಿದೆ, ಆ ಬೂಟು ಹಾಕಿಕೊಂಡದ್ದೂ ನಿಜ, ಬೀರುವಿನ ಹತ್ತಿರವೂ ಸುಳಿಯಲಿಲ್ಲ ಎಂದ. ಬೆವರುತ್ತಿದ್ದ. ಕೈಗಳನ್ನು ಮೊಣಕಾಲ ನಡುವೆ ಒತ್ತಿ ಹಿಡಿದಿದ್ದ. ಕೊನೆಗೆ ಅವನ ಬಾಯಿಂದ ಒಂದು ಮಾತು ಬಂತು.

"ಮೇಡಂ, ನಾನೇ ಕದ್ದಿದ್ರೆ ಆ ಕೆಸರು ಒರೆಸಿ ಹೋಗ್ತಿದ್ದೆ. ನಂಗೆ ಬರೋ ಕೆಲ್ಸ ಅದೊಂದೇ."

ಆರ್ಡೆಲ್ ನಗಲಿಲ್ಲ. ಆದರೆ ಅವನ ಮುಂದೆ ಕಡಲೆಕಾಯಿ ಪೊಟ್ಟಣ ಸರಿಸಿದಳು.

ಮಧ್ಯಾಹ್ನ ಹಟ್ಟೋ ಓಡಿ ಬಂದರು. ಹೆದ್ದಾರಿಯ ಬದಿಯ ಗಿರವಿ ಅಂಗಡಿಯಲ್ಲಿ ಮೀಟರು, ಕೊಳವೆ ಇರುವ ಪೆಟ್ಟಿಗೆಯೊಂದು ಬಂದಿದೆಯಂತೆ, ತಂದವನು ಲೆವಾನನ ಬೀದಿಯವನಂತೆ. ಎಲ್ಲರೂ ಹೋದೆವು. ಅಂಗಡಿಯವನು ಪೆಟ್ಟಿಗೆ ತೆಗೆದು ತೋರಿಸಿದ. ಅದು ಗೆದ್ದಲಿಗೆ ಔಷಧಿ ಹೊಡೆಯುವ ಪಂಪು. ಹಟ್ಟೋ ಅವರ ಕಿವಿ ಕೆಂಪಾಯಿತು.

ಆದರೂ ಅನುಮಾನ ಹೋಗಲಿಲ್ಲ. ಲೆವಾನನ ಜಾಗವನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ ಎಂದು ಹಟ್ಟೋ ಸಂಜೆಯೇ ಅವನಿಗೆ ತಿಳಿಸಿದರು. ಲೆವಾನ್ ಬಕೆಟ್ ತೊಳೆದು ಬೋರಲು ಹಾಕಿ ಮನೆಗೆ ಹೋದ.

*

ಮರುದಿನ ಆರ್ಡೆಲ್ ಉಗ್ರಾಣದ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ನನ್ನನ್ನು ಕರೆದಳು.

"ಮಿಸ್ ಯೂಲಾ, ಬೀರು ಎಲ್ಲಿದೆ?"

ಹಿಂಬಾಗಿಲ ಪಕ್ಕದಲ್ಲೇ ಇದೆ ಎಂದೆ.

"ಕಳ್ಳ ಹಿಂಬಾಗಿಲಿಂದ ಬಂದ. ಪಕ್ಕದಲ್ಲೇ ಬೀರು. ತಗೊಂಡು ಹಾಗೇ ಹೋಗ್ಬಹುದಿತ್ತು. ಈ ತುದಿವರೆಗೂ ಯಾಕೆ ಬಂದ?"

ಅವಳು ತೋರಿಸಿದ್ದು ಒಳಬಾಗಿಲನ್ನು. ಉಗ್ರಾಣದಿಂದ ತರಗತಿಯ ಹಜಾರಕ್ಕೆ ಹೋಗುವ ಬಾಗಿಲು. ಅಲ್ಲಿ ನೆಲಕ್ಕೆ ಹಳದಿ ಗೆರೆ ಎಳೆದಿದ್ದೇವೆ. ಕೆಸರಿನ ಗುರುತು ಗೆರೆಯವರೆಗೆ ಬಂದು ನಿಂತಿತ್ತು. ಆಚೆ ಒಂದು ಚುಕ್ಕೆಯೂ ಇಲ್ಲ. ಅದನ್ನು ನೋಡಿಯೇ ಕಳ್ಳ ಒಳಗೆ ಬರಲಿಲ್ಲ, ಇಲ್ಲಿಂದಲೇ ತಿರುಗಿ ಹೋದ ಎಂದು ನಾವೆಲ್ಲ ತೀರ್ಮಾನಿಸಿದ್ದೆವು.

ಅವಳು ಗೆರೆಯ ಬಳಿಯ ಎರಡು ಹೆಜ್ಜೆಗಳನ್ನು ತೋರಿಸಿದಳು. ಬೇರೆ ಹೆಜ್ಜೆಗಳಂತಿರಲಿಲ್ಲ. ಅವುಗಳ ಸುತ್ತ ಕೆಂಪು ನೀರು ಇಳಿದು, ನಿಂತು, ಉಂಗುರದಂತೆ ಒಣಗಿತ್ತು.

"ನಡೀತಾ ಹೋಗೋನ ಬೂಟಿಂದ ಇಷ್ಟು ನೀರು ಇಳಿಯಲ್ಲ. ಈ ಬೂಟು ಇಲ್ಲಿ ತುಂಬಾ ಹೊತ್ತು ನಿಂತಿತ್ತು. ಮನುಷ್ಯ ನಿಂತಿರ್ಲಿಲ್ಲ. ಬೂಟು ಮಾತ್ರ ನಿಂತಿತ್ತು."

ಬೂಟು ಬಿಚ್ಚಿಟ್ಟು ಒಳಗೆ ಹೋಗಿದ್ದಾನೆ. ಅಷ್ಟು ನನಗೂ ಹೊಳೆಯಿತು.

"ಹಾಗಾದ್ರೆ ಬಿಚ್ಚುವಾಗ ಕಾಲು ಎಲ್ಲಿಟ್ಟ? ಇಲ್ಲೆಲ್ಲ ಕೆಸರು. ಕಾಲ್ಚೀಲದ ಒಂದು ಗುರುತೂ ಇಲ್ಲವಲ್ಲ."

ಉತ್ತರ ನನಗೆ ಗೊತ್ತಿತ್ತು. ಗೊತ್ತಿರುವುದನ್ನು ನುಂಗಿಕೊಂಡರೆ ಲೆವಾನ್ ಮುಳುಗುತ್ತಾನೆ. ಬೂಟು ಹಾಕಿಕೊಂಡು ಮಾಡಿ ತೋರಿಸಿದೆ.

ಗೆರೆಯ ಈಚೆ ಕೊಳಕು, ಆಚೆ ಚೊಕ್ಕಟ. ಗೆರೆಯ ಹತ್ತಿರ ನಿಲ್ಲಬೇಕು. ಒಂದು ಬೂಟಿನಿಂದ ಕಾಲು ಎಳೆದು, ಆ ಕಾಲನ್ನು ಈಚೆ ಊರದೆ ನೇರ ಗೆರೆಯಾಚೆ ಇಡಬೇಕು. ಆಮೇಲೆ ಇನ್ನೊಂದು. ಬೂಟು ಕೊಳಕಿನಲ್ಲೇ ಉಳಿಯುತ್ತದೆ, ಕಾಲು ಕೊಳಕನ್ನು ಮುಟ್ಟುವುದಿಲ್ಲ. ಬೇಲಿಯೊಳಗೆ ಕೊಳಕು ಜಾಗದಿಂದ ಹೊರಬರುವಾಗ ಹೀಗೇ ಬರಬೇಕು. ಅದನ್ನು ಇದೇ ಬಾಗಿಲಲ್ಲಿ ಕಲಿಸುತ್ತೇವೆ, ನಿದ್ದೆಯಲ್ಲೂ ತಪ್ಪದಷ್ಟು ಸಲ ಮಾಡಿಸುತ್ತೇವೆ. ನನ್ನ ಮನೆಯ ಹೊಸ್ತಿಲಲ್ಲೂ ನಾನು ಹೀಗೇ ಚಪ್ಪಲಿ ಬಿಡುತ್ತೇನೆ. ಸೊಸೆ ನಗುತ್ತಾಳೆ.

ಆರ್ಡೆಲ್ ಲೆವಾನನನ್ನು ಕರೆಸಿದಳು. ಏನೂ ಹೇಳದೆ, ಬೂಟು ಬಿಚ್ಚಿ ಹಜಾರಕ್ಕೆ ಬಾ ಎಂದಳು. ಅವನು ಗೋಡೆ ಹಿಡಿದುಕೊಂಡು, ಒಂದು ಬೂಟು ಕಿತ್ತು, ಆ ಕಾಲನ್ನು ಕೆಸರಿನಲ್ಲೇ ಊರಿ, ಇನ್ನೊಂದು ಕಿತ್ತ. ಕಾಲ್ಚೀಲ ಕೆಂಪಾಯಿತೆಂದು ಗೊಣಗಿದ. ಅವನು ಇನ್ನೂ ತರಗತಿಗೆ ಕೂತವನಲ್ಲ.

ಅವನು ಹೋದಮೇಲೆ ಆರ್ಡೆಲ್ ಮೆಲ್ಲಗೆ ಹೇಳಿದಳು. ಕಳ್ಳ ನಿಮ್ಮವನು. ಯಂತ್ರ ಹೊರಗೆ ಹೋಗಿಲ್ಲ, ಒಳಗೆ ಹೋಗಿದೆ. ಹೊರಗಿನವನು ಒಯ್ದ ಹಾಗೆ ಕಾಣಲೆಂದು ಗಾಜು ಒಡೆದಿದ್ದಾನೆ.

ಈಗಲೇ ಶಾಲೆಯೆಲ್ಲ ಹುಡುಕೋಣ ಎಂದೆ.

"ಹುಡುಕಿದ್ರೆ ಯಂತ್ರ ಸಿಗುತ್ತೆ, ಮನುಷ್ಯ ಸಿಗಲ್ಲ. ಆಗ ಜನ ಲೆವಾನನೇ ಬಚ್ಚಿಟ್ಟ ಅಂತಾರೆ. ಯಂತ್ರ ಇಲ್ದಿದ್ರೆ ನೀವು ಮಾಸ್ಕ್ ಹೇಗೆ ಪರೀಕ್ಷೆ ಮಾಡ್ತೀರಿ, ಅದು ಹೇಳಿ."

ಹಳೆಯ ಕ್ರಮ ಇದೆ ಎಂದೆ. ಕಹಿ ಹನಿ. ನಾಳೆಯೇ ಇದೆ.

ಅವಳು ಎದ್ದು ಮೊಣಕಾಲಿನ ಕೆಂಪು ಪುಡಿ ಒರೆಸಿಕೊಂಡಳು. ಅವಳ ಅಪ್ಪನೂ ಬಾಂಬ್ ಕಾರ್ಖಾನೆಯಲ್ಲಿ ದುಡಿದವನಂತೆ. ಕೆಲಸದ ಬೂಟಿನಲ್ಲೇ ಮನೆಯೊಳಗೆ ಬರುತ್ತಿದ್ದನಂತೆ, ಅಮ್ಮ ಗುಡಿಸುತ್ತಿದ್ದಳಂತೆ. ಇಬ್ಬರೂ ಕೆಮ್ಮಿ ಕೆಮ್ಮಿ ಹೋದರಂತೆ. ಅಷ್ಟು ಹೇಳಿ, ಹಳದಿ ಗೆರೆಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು.

*

ಕಹಿ ಹನಿಯ ಪರೀಕ್ಷೆ ಸರಳ. ಮೊದಲು ಮಾಸ್ಕ್ ಇಲ್ಲದೆ ತುಸು ತೋರಿಸಿ, ನಾಲಗೆಗೆ ಕಹಿ ತಿಳಿಯುತ್ತದೆಯೇ ಎಂದು ನೋಡುತ್ತೇವೆ. ಬಾಯಿ ತೊಳೆದು, ಕಹಿ ಪೂರ್ತಿ ಹೋದಮೇಲೆ ಮಾಸ್ಕ್ ತೊಡಿಸಿ, ತಲೆಗೆ ಚೀಲದಂಥ ಮುಸುಕು ಹಾಕಿ, ಒಳಗೆ ಕಟುಕಹಿಯ ಮಂಜು ಬಿಡುತ್ತೇವೆ. ತಲೆ ತಿರುಗಿಸಬೇಕು, ಬಗ್ಗಬೇಕು, ಗಟ್ಟಿಯಾಗಿ ಮಾತಾಡಬೇಕು. ಕಹಿ ತಿಳಿದರೆ ಕೈ ಎತ್ತಬೇಕು. ಯಂತ್ರ ಯಾರ ಮಾತನ್ನೂ ಕೇಳುವುದಿಲ್ಲ. ಇಲ್ಲಿ ಮನುಷ್ಯನ ಮಾತನ್ನೇ ನಂಬಬೇಕು.

ಅಂದು ಹಜಾರದಲ್ಲಿ ನಗೆಯೋ ನಗೆ. ಆರ್ಡೆಲ್ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಮಾಸ್ಕಿಗಾಗಿ ಗಡ್ಡ ಬೋಳಿಸಿ ಬಂದವನೊಬ್ಬನಿಗೆ, ಈ ಮುಖಕ್ಕೆ ಗಡ್ಡವೇ ಮಾಸ್ಕ್ ಆಗಿತ್ತು ಎಂದು ಉಳಿದವರು ಕೀಟಲೆ ಮಾಡಿದರು. ಇಬ್ಬರು ಕೈ ಎತ್ತಿದರು. ಮಾಸ್ಕ್ ಬದಲಿಸಿ ಮತ್ತೆ ಕೂರಿಸಿದೆವು. ರೂಫಸ್ ಮುಸುಕಿನೊಳಗೆ ಕೀರ್ತನೆಯೊಂದನ್ನು ಪೂರ್ತಿ ಹೇಳಿದರು. ಕೈ ಎತ್ತಲಿಲ್ಲ. ಹೊರಬಂದು, ನೀರಿನಷ್ಟು ಚೊಕ್ಕಟ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಬಾಳೆಹಣ್ಣಿನ ಪುಡಿಂಗ್ ಮಾಡಿ ತಂದಿದ್ದೆ. ಅದೆಂದರೆ ರೂಫಸ್ ಪಾತ್ರೆಯ ತಳ ಕೆರೆಯುವವರು. ಅಂದು ಒಂದು ಚಮಚ ಬಾಯಿಗಿಟ್ಟರು. ದವಡೆ ನಿಂತಿತು. ಬಲವಂತವಾಗಿ ನುಂಗಿ ತಟ್ಟೆ ಬದಿಗಿಟ್ಟರು. ಚಹಾ ತೆಗೆದುಕೊಂಡರು. ನಮ್ಮ ಕಡೆಯ ತಣ್ಣನೆ ಚಹಾ, ಮೊದಲೇ ಪಾಕದಂತಿರುತ್ತದೆ. ಅದಕ್ಕೂ ಸಕ್ಕರೆ ಸುರಿದುಕೊಂಡರು.

ಹೋಗುವಾಗ ಹಟ್ಟೋಗೆ ಹೇಳಿದರು. ಬೆನ್ನು ನೋವು, ಬಿದ್ದವರನ್ನು ಎಳೆದು ತರುವ ನಾಳೆಯ ರಕ್ಷಣೆಯ ಪಾಠ ಮುಂದಿನ ತಿಂಗಳಿಗೆ ಇಡೋಣ.

ಆರ್ಡೆಲ್ ನನ್ನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದಳು. ಆ ಕಹಿ ಬಾಯಲ್ಲಿ ಎಷ್ಟು ಹೊತ್ತು ಇರುತ್ತದೆ?

ಬಹಳ ಹೊತ್ತು ಎಂದೆ. ಏನು ತಿಂದರೂ ಬೇವಿನಂತೆ ಕಹಿ. ಹೇಳುತ್ತಿದ್ದಂತೆ ರೂಫಸ್ ಬದಿಗಿಟ್ಟ ತಟ್ಟೆಯ ಕಡೆ ನೋಡಿದೆ.

*

ಮರುದಿನ ಬೆಳಿಗ್ಗೆ ಆರ್ಡೆಲ್ ನಾಲ್ವರನ್ನು ಹಜಾರಕ್ಕೆ ಕರೆಸಿದಳು. ಹಟ್ಟೋ, ರೂಫಸ್, ಲೆವಾನ್, ನಾನು.

ಮೂಲೆಯಲ್ಲಿ ಆರ್ಚಿ ಮಲಗಿದ್ದ. ಆರ್ಚಿ ಎಂದರೆ ಆಳೆತ್ತರದ ಬೊಂಬೆ. ಬಿದ್ದವರನ್ನು ಎಳೆದು ತರುವುದನ್ನು ಅವನ ಮೇಲೆ ಕಲಿಸುತ್ತೇವೆ. ರಕ್ಷಣೆಯ ಪಾಠ ರೂಫಸ್ ಒಬ್ಬರದೇ. ಉಳಿದ ದಿನ ಆರ್ಚಿಯನ್ನು ಯಾರೂ ಮುಟ್ಟುವುದಿಲ್ಲ.

ಆರ್ಡೆಲ್ ಅವನ ಮೇಲಂಗಿಯ ಜಿಪ್ ಎಳೆದಳು. ಹೊಟ್ಟೆಯೊಳಗೆ ಮರಳಿನ ಚೀಲದ ಬದಲು ಯಂತ್ರವಿತ್ತು. ಮೆತ್ತನೆಯ ಬಟ್ಟೆಯಲ್ಲಿ, ಕೂಸನ್ನು ಸುತ್ತಿದಂತೆ ಸುತ್ತಿತ್ತು.

ಹಟ್ಟೋ ಲೆವಾನನ ಕಡೆ ತಿರುಗಿದರು.

"ಅವನ ಕಡೆ ನೋಡ್ಬೇಡಿ," ಆರ್ಡೆಲ್ ಹೇಳಿದಳು. "ಮಿಸ್ಟರ್ ಮ್ಯಾನಿಗೋ, ನಾನು ಹೇಳ್ಲಾ, ನೀವೇ ಹೇಳ್ತೀರಾ?"

ರೂಫಸ್ ಕುರ್ಚಿ ಹುಡುಕಿ ಕೂತರು. ನೀನೇ ಹೇಳಮ್ಮ ಎಂದರು.

ಅವಳು ಒಂದೊಂದಾಗಿ ಬಿಡಿಸಿಟ್ಟಳು. ಗೆರೆಯ ಬಳಿ ಬೂಟು ಬಿಟ್ಟ ರೀತಿ ಕಲಿತವರದು, ಆದ್ದರಿಂದ ಲೆವಾನ್ ಅಲ್ಲ. ಯಂತ್ರ ಒಳಗೆ ಹೋಗಿದೆ, ಆದ್ದರಿಂದ ಮಾರುವುದಕ್ಕಲ್ಲ, ಇಲ್ಲದಂತೆ ಮಾಡುವುದಕ್ಕೆ. ಯಂತ್ರ ಇಲ್ಲದಿದ್ದರೆ ಲಾಭ ಯಾರಿಗೆ? ಮಾಸ್ಕ್ ಸರಿಯಾಗಿ ಕೂರುವುದಿಲ್ಲ ಎಂದು ತನಗೇ ಗೊತ್ತಿರುವವನಿಗೆ. ಕಹಿ ಹನಿಯಲ್ಲಿ ಇಬ್ಬರು ಕೈ ಎತ್ತಿದರು, ಅವರು ಪ್ರಾಮಾಣಿಕರು. ಕೈ ಎತ್ತದವರಲ್ಲಿ ಒಬ್ಬರಿಗೆ ಮಾತ್ರ ಪುಡಿಂಗ್ ಕಹಿಯಾಯಿತು. ಅವರೇ ಬೊಂಬೆಯ ಪಾಠ ಮುಂದೂಡಿದರು. ಮೊದಲ ದಿನವೇ ಲೆವಾನ್ ಅಲ್ಲವೆಂದು ನನಗೆ ಗೊತ್ತು ಎಂದವರೂ ಅವರೇ. ಕಳ್ಳನಿಗೆ ಮಾತ್ರ ಅಷ್ಟು ಖಚಿತವಾಗಿ ಗೊತ್ತಿರಲು ಸಾಧ್ಯ.

ಮಾಸ್ಕ್ ಏಕೆ ಕೂರಲಿಲ್ಲ ಎಂಬುದು ಅವಳಿಗೆ ತಿಳಿದಿರಲಿಲ್ಲ. ಅದನ್ನು ನಾನು ಹೇಳಬೇಕಾಯಿತು. ಈಸ್ಟರ್ ಆದಮೇಲೆ ರೂಫಸ್ ಕೆಳಗಿನ ಹಲ್ಲು ಕೀಳಿಸಿಕೊಂಡಿದ್ದರು. ಕೆನ್ನೆ ಒಳಗೆ ಹೋಗಿತ್ತು. ಹಲ್ಲು ಹೋದರೆ ಮುಖದ ಅಚ್ಚು ಬದಲಾಗುತ್ತದೆ, ಹಳೆಯ ಮಾಸ್ಕನ್ನು ನಂಬಬೇಡಿ ಎಂದು ವರ್ಷ ವರ್ಷ ನಮಗೆ ಹೇಳಿಕೊಟ್ಟವರು ಅವರು.

"ಸಾಕು, ಯೂಲಾ," ರೂಫಸ್ ಹೇಳಿದರು. "ಎಲ್ಲಾ ಮಾಸ್ಕೂ ಮನೇಲಿ ತೊಟ್ಟು ನೋಡ್ದೆ. ಯಾವ್ದೂ ಕೂರ್ಲಿಲ್ಲ."

ಆಮೇಲೆ ನಿಧಾನವಾಗಿ ಎಲ್ಲವನ್ನೂ ಹೇಳಿದರು. ಬೇಲಿಯೊಳಗೆ ಉದ್ದನೆಯ ಒಂದು ಕಟ್ಟಡವಿದೆ. ಅವರು ಯೌವನ ಕಳೆದದ್ದು ಅಲ್ಲೇ. ಅಲ್ಲಿ ಜೊತೆಗೆ ದುಡಿದವರು ಆಮೇಲೆ ಒಬ್ಬೊಬ್ಬರಾಗಿ ಮಣ್ಣಾದದ್ದನ್ನೂ ಕಂಡಿದ್ದರು. ಈ ಶರತ್ಕಾಲದಲ್ಲಿ ಅದನ್ನು ಕೆಡವುತ್ತಾರೆ. ಕೆಡವುವವರೆಲ್ಲ ಅವರು ಕಲಿಸಿದವರು. ತಾನು ಹೊರಗೆ ನಿಂತು ಆ ಮಕ್ಕಳನ್ನು ಒಳಗೆ ಕಳಿಸುವುದೇ ಎಂಬ ಸಂಕಟ. ಅದೊಂದು ಕೆಲಸ ಮುಗಿಯುವವರೆಗೆ ಯಂತ್ರ ಕಾಣದಿದ್ದರೆ ಸಾಕು, ತಾನೂ ಅವರ ಜೊತೆ ಒಳಗೆ ಹೋಗಬಹುದು ಅನ್ನಿಸಿತಂತೆ. ಹೊರಗಿನ ಕಳ್ಳನೆಂದು ನಂಬುತ್ತಾರೆ ಅಂದುಕೊಂಡರಂತೆ. ಅವರು ಬಂದದ್ದು ಭಾನುವಾರ ರಾತ್ರಿ; ಹಗಲು ಲೆವಾನ್ ಬಂದು ಹೋದದ್ದು ಅವರಿಗೆ ತಿಳಿದಿರಲಿಲ್ಲ.

"ತಿಳಿದ ಮೇಲೂ ನೀವು ಸುಮ್ನಿದ್ರಿ," ಲೆವಾನ್ ಹೇಳಿದ.

"ಸುಮ್ನಿದ್ದೆ, ಮಗಾ. ಮೂರು ದಿನದಿಂದ ನಿನ್ನ ಮುಖ ನೋಡೋಕಾಗ್ಲಿಲ್ಲ. ತಪ್ಪಾಯ್ತು."

ಲೆವಾನ್ ಬಗ್ಗಿ ಆರ್ಚಿಯ ಮೇಲಂಗಿ ಸರಿಪಡಿಸಿದ. ಆಮೇಲೆ ತಲೆ ಎತ್ತಿದ.

"ಜೈಲಿಂದ ಬಂದಾಗ ನನ್ನ ಕೈ ಕುಲುಕಿದೋರು ನೀವೊಬ್ರೇ. ಅದನ್ನ ಮರೆಯೋಕೆ ಆಗಲ್ಲ. ಇದನ್ನೂ ಮರೆಯೋಕೆ ಆಗಲ್ಲ. ಎರಡೂ ಇರ್ಲಿ. ಆದ್ರೆ ನೀವು ಆ ಸೋರೋ ಮಾಸ್ಕ್ ಹಾಕ್ಕೊಂಡು ಒಳಗೆ ಹೋಗಲ್ಲ ಅಂತ ನನ್ಮುಂದೆ ಮಾತು ಕೊಡಿ."

ರೂಫಸ್ ಮಾತು ಕೊಟ್ಟರು. ಅವನ ಕೈ ಹಿಡಿದು ಕೊಟ್ಟರು.

ಹಟ್ಟೋ ಲೆವಾನನ ಮುಂದೆ ನಿಂತು ಕ್ಷಮೆ ಕೇಳಿದರು. ತಡೆಹಿಡಿದ ಜಾಗವನ್ನು ಅಲ್ಲೇ ಬಿಟ್ಟುಕೊಟ್ಟರು. ಯಂತ್ರ ಶಾಲೆ ಬಿಟ್ಟು ಹೋಗಿಲ್ಲ, ನಮ್ಮ ದೂರೇನೂ ಇಲ್ಲ ಎಂದು ಆರ್ಡೆಲ್‌ಗೆ ಹೇಳಿದರು. ಒಡೆದ ಗಾಜನ್ನು ರೂಫಸ್ ತಾವೇ ಹಾಕಿಸಿದರು. ಮೇಷ್ಟ್ರ ಕೆಲಸವನ್ನು ಅವರೇ ಬಿಟ್ಟರು. ಯಾರೂ ಬಿಡಿಸಲಿಲ್ಲ.

ಹೊರಡುವಾಗ ಆರ್ಡೆಲ್ ನನ್ನ ಕೈ ಹಿಡಿದುಕೊಂಡಳು. ನಾನು ಅವಳಿಗೆ ಧನ್ಯವಾದ ಹೇಳಬೇಕೆಂದಿದ್ದೆ. ಅವಳೇ ಮೊದಲು ಹೇಳಿದಳು.

"ನಮ್ಮಪ್ಪನ ಕಾಲದಲ್ಲಿ ಇಂಥದ್ದೊಂದು ಗೆರೆ ಎಳೆಯೋರು ಇದ್ದಿದ್ರೆ ಅನ್ಸುತ್ತೆ, ಮಿಸ್ ಯೂಲಾ. ಈಗ್ಲಾದ್ರೂ ಎಳೀತಿದೀರಲ್ಲ, ನಿಮ್ಗೆ ಪುಣ್ಯ ಬರ್ಲಿ."

*

ನವೆಂಬರಿನಲ್ಲಿ ಆ ಕಟ್ಟಡ ಬಿತ್ತು. ನಾವು ಬೇಲಿಯ ಹೊರಗೆ, ದಿಬ್ಬದ ಮೇಲೆ ನಿಂತು ನೋಡಿದೆವು. ರೂಫಸ್ ನನ್ನ ಪಕ್ಕದಲ್ಲಿದ್ದರು. ದೂರದಲ್ಲಿ ಬಿಳಿ ಉಡುಪಿನ ಸಣ್ಣ ಸಣ್ಣ ಆಕೃತಿಗಳು. ಧೂಳು ಏಳದಂತೆ ನೀರು ಹಾರಿಸುತ್ತಿದ್ದವನು ಲೆವಾನ್ ಎಂದು ಅವನ ನಿಲುವಿನಿಂದಲೇ ರೂಫಸ್ ಗುರುತಿಸಿದರು. ಭುಜ ಇಳಿಸು, ಮಗಾ, ಆಯಾಸವಾಗುತ್ತೆ ಎಂದು ಇಲ್ಲಿಂದಲೇ ಗೊಣಗಿದರು.

ಗೋಡೆ ಬಾಗಿತು. ಕೂತಿತು. ಸದ್ದು ನಮ್ಮ ತನಕ ಬರಲು ಸ್ವಲ್ಪ ಹೊತ್ತಾಯಿತು.

ಪಾಳಿ ಮುಗಿದು ಅವರೆಲ್ಲ ಗೇಟಿನಿಂದ ಹೊರಬರುವವರೆಗೂ ರೂಫಸ್ ಕದಲಲಿಲ್ಲ. ಒಬ್ಬೊಬ್ಬರ ಹೆಸರನ್ನೂ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಕೊನೆಯವನಾಗಿ ಲೆವಾನ್ ಬಂದ. ಒದ್ದೆ ಕೂದಲು, ತೊಳೆದ ಮುಖ, ಹಸಿದ ಹೊಟ್ಟೆ. ಇವತ್ತು ಹೆಂಡತಿ ಏನು ಮಾಡಿರುತ್ತಾಳೋ ಎಂದು ಯಾರಿಗೋ ಹೇಳಿಕೊಂಡು ನಗುತ್ತಿದ್ದ.

ರೂಫಸ್ ಹ್ಯಾಟು ತೆಗೆದರು.

"ಎಲ್ರೂ ಬಂದ್ರು, ಯೂಲಾ," ಎಂದರು.